ಮೂರು ಕಡೆ ಇಟ್ಟ ಗೆಡ್ಡೆ

ನಾ ಲಾಂಗ್ ಹಳ್ಳಿ, ಬಾಕ್ ಹಾ
ಜೂನ್ 18, 2000

ಪ್ರೀತಿಯ ಅಮ್ಮ,

ನಾನು ಆರೋಗ್ಯವಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಇಲ್ಲದಿದ್ದರೆ ನೀನು ಅಣ್ಣನ ಕೈಯಿಂದ ಕಾಗದ ಕಿತ್ತುಕೊಂಡು, ಓದಲು ಬಾರದಿದ್ದರೂ ಕೊನೆಯ ಪುಟ ತಿರುವಿ ನೋಡುತ್ತೀಯ. ಅಣ್ಣ, ನಿಧಾನವಾಗಿ ಓದು. ನಡುವೆ ನಗು ಬರುವಂಥದ್ದೂ ಇದೆ. ನೀನೊಬ್ಬನೇ ನಕ್ಕರೆ ಅಮ್ಮ ಮತ್ತೆ ಮೊದಲಿನಿಂದ ಓದಿಸುತ್ತಾಳೆ.

ನಿನ್ನ ಎರಡು ಪತ್ರಗಳೂ ಬಂದವು. ಎರಡರಲ್ಲೂ ಅವೇ ಮೂರು ಪ್ರಶ್ನೆ. ಕಳಿಸಿದ ಕೆಸುವಿನ ಗೆಡ್ಡೆ ಬದುಕಿದೆಯಾ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ಹೊಸವರ್ಷದ ತೆತ್ ಹಬ್ಬಕ್ಕೆ ಬರುತ್ತೇನೆ, ಬಂದರೆ ಮತ್ತೆ ಹೋಗುವುದಿಲ್ಲ, ಹಿಂದಿನ ಕೋಣೆ ಖಾಲಿ ಮಾಡಿಸು ಎಂದು ಬರೆದವಳು ಯಾಕೆ ಬರಲಿಲ್ಲ? ‘ಈಗ ಬರುತ್ತಿಲ್ಲ, ವಿವರ ಆಮೇಲೆ’ ಎಂದು ಒಂದು ಸಾಲಿನ ತಂತಿ ಕಳಿಸಿ ನಾಲ್ಕು ತಿಂಗಳಿಗೂ ಹೆಚ್ಚು ಸುಮ್ಮನಿದ್ದೆ. ನೀನು ಕೋಣೆ ಖಾಲಿ ಮಾಡಿಸಿ, ಭತ್ತದ ಮೂಟೆಗಳನ್ನು ಜಗಲಿಗೆ ಸಾಗಿಸಿ, ಹೊಸ ಚಾಪೆಯನ್ನೂ ತಂದಿಟ್ಟೆಯಂತೆ. ಅದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ನನಗೇ ಸರಿಯಾಗಿ ಗೊತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ಮೊದಲನೆಯದರಿಂದ ಹೊರಡುತ್ತೇನೆ. ಅದರ ಹಿಂದೆಯೇ ಉಳಿದವೂ ಬರುತ್ತವೆ.

ಅದಕ್ಕೂ ಮುಂಚೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಹೋದ ವರ್ಷ ನಾನು ಗೆಡ್ಡೆ ಕೇಳಿದಾಗ, ಹುಳಿಸಾರು ತಿನ್ನುವ ಆಸೆಯಾಗಿದೆ ಎಂದಷ್ಟೇ ಬರೆದಿದ್ದೆ. ಪೂರ್ತಿ ನಿಜ ಅದಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಸಂತೆಗೆ ಹೋಗಿ ‘ಬಾಕ್ ಹಾ ಕೊಡಿ’ ಅಂದೆ. ನಾವು ದಕ್ಷಿಣದವರು ಹುಟ್ಟಿದಂದಿನಿಂದ ಕೆಸುವಿನ ದಂಟಿಗೆ ಹಾಗೇ ತಾನೆ ಅನ್ನುವುದು? ಸೊಪ್ಪಿನವಳು ನನ್ನ ಕೈಗೆ ಪುದೀನ ಕೊಟ್ಟಳು. ಇಲ್ಲಿ ಬಾಕ್ ಹಾ ಅಂದರೆ ಪುದೀನವಂತೆ. ಅದಲ್ಲ, ಬೇರೆ ಬಾಕ್ ಹಾ ಎಂದು ಪಕ್ಕದವಳನ್ನು ಕೇಳಿದರೆ, ‘ನೀನು ನಿಂತಿರೋದೇ ಬಾಕ್ ಹಾದಲ್ಲಿ ಕಣಮ್ಮ, ಇನ್ನೆಲ್ಲಿಗೆ ಹೋಗ್ಬೇಕು?’ ಅಂದಳು. ಊರಿನ ಹೆಸರನ್ನು ಒಂದು ರಾಗದಲ್ಲಿ ಎಳೆದರೆ ಊರು, ಇನ್ನೊಂದು ರಾಗದಲ್ಲಿ ಎಳೆದರೆ ಸೊಪ್ಪು. ಹನೋಯ್ ಕಡೆಯವರು ನಮ್ಮ ಕೆಸುವಿಗೆ ಬೇರೆಯೇ ಹೆಸರು ಹೇಳುತ್ತಾರೆಂದು ಆಮೇಲೆ ತಿಳಿಯಿತು. ಆದರೆ ಈ ಕಣಿವೆಯಲ್ಲಿ ಅದನ್ನು ಯಾವ ಹೆಸರಿನಲ್ಲೂ ಯಾರೂ ಬೆಳೆಯುವುದಿಲ್ಲ.

ಆ ವರ್ಷ ಮಾವನವರ ತಿಥಿ ಬಂತು. ನೀನು ಕೊಟ್ಟು ಕಳಿಸಿದ್ದ ಹುಣಸೆಹಣ್ಣು ಇತ್ತು, ಗದ್ದೆಯ ಮೀನು ಇತ್ತು. ಹುಳಿಸಾರು ಮಾಡಿ ಎಲ್ಲರ ಬಾಯಿ ಮುಚ್ಚಿಸಬೇಕೆಂದು ಹಟ ನನಗೆ. ಹಳ್ಳದ ಪಕ್ಕದಲ್ಲಿ ಆನೆಕಿವಿಯಂಥ ಎಲೆ, ತೊಡೆಯಷ್ಟು ದಪ್ಪದ ದಂಟು ಕಂಡೆ. ನೋಡಿದ್ದೇ ಜೀವ ಕುಣಿಯಿತು. ಕೊಯ್ದು, ಸಿಪ್ಪೆ ಸುಲಿದು, ಉಪ್ಪು ಹಚ್ಚಿ ಹಿಂಡಿ ಹಾಕಿದೆ. ಅದು ಕಾಡುಕೆಸು, ಅಮ್ಮ.

ಇಪ್ಪತ್ತೆರಡು ಜನ ಉಂಡರು. ಮೊದಲು ಎದ್ದವರು ಅತ್ತೆಯ ತಮ್ಮ ಪ್ಯೆನ್ ಮಾವ. ಗಂಟಲು ಹಿಡಿದುಕೊಂಡು ನೀರಿನ ಹಂಡೆಯತ್ತ ಓಡಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಯಾರೋ ಸಕ್ಕರೆ ಕೇಳಿದರು, ಯಾರೋ ಉಪ್ಪು ನೆಕ್ಕಿದರು, ಒಬ್ಬ ಮುದುಕರು ಚಾಪೆಯ ಮೇಲೆ ಕೂತು ನಾಲಗೆ ಹೊರಗೆ ಹಾಕಿ ಬೀಸಣಿಗೆಯಿಂದ ಗಾಳಿ ಹಾಕಿಕೊಂಡರು. ಅತ್ತೆ ನನ್ನನ್ನು ಬೈಯಲಿಲ್ಲ. ಎಲ್ಲರೆದುರಿಗೆ ಶಾಂತವಾಗಿ, ‘ಕೆಳಗಿನ ಸೀಮೆಯವ್ರು ಇದನ್ನ ತಿಂತಾರೇನೋ. ನಾವು ಹಂದಿಗೂ ಬೇಯಿಸ್ದೇ ಹಾಕಲ್ಲ’ ಅಂದರು. ಅವತ್ತಿನಿಂದ ಊರಿಗೆ ನಾನು ಕೆರೆತದ ಸೊಸೆ.

(ಅಣ್ಣ, ನಗುವುದಾದರೆ ಈಗ ನಕ್ಕು ಮುಗಿಸು.)

ಹಾಗಾಗಿ ನಾನು ಗೆಡ್ಡೆ ಕೇಳಿದ್ದು ನಾಲಗೆಗಲ್ಲ, ಮಾನಕ್ಕೆ. ನಮ್ಮ ಕೆಸು ಬೇರೆ, ಇವರ ಕೆಸು ಬೇರೆ ಎಂದು ಗಿಡವನ್ನೇ ನಿಲ್ಲಿಸಿ ತೋರಿಸಬೇಕಿತ್ತು.

ಬಾಳೆಪಟ್ಟೆಯಲ್ಲಿ ಸುತ್ತಿ ನೀನು ಕಳಿಸಿದ ಗೆಡ್ಡೆ ಹೋದ ವರ್ಷ ಮಾರ್ಚ್‌ನಲ್ಲಿ ಬಂದು ತಲುಪಿತು. ರೈಲಿನಲ್ಲಿ ನಾಲ್ಕು ದಿನ ಕೂತು ಬಂದರೂ ನಮ್ಮ ಕಾಲುವೆಯ ಕೆಸರಿನ ವಾಸನೆ ಹೋಗಿರಲಿಲ್ಲ. ಈ ಮನೆ ಕಂಬದ ಮೇಲೆ ನಿಂತಿದೆ ಎಂದು ಬರೆದಿದ್ದೆನಲ್ಲ, ಅಡುಗೆಕೋಣೆಯ ಹಿಂದೆ ಪಾತ್ರೆ ತೊಳೆಯುವ ಅಟ್ಟಣೆಯಿಂದ ನೀರು ಕೆಳಗೆ ಸುರಿಯುವ ಜಾಗದಲ್ಲಿ ನೆಟ್ಟೆ. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು, ಮೇಲೆ ಹಂದಿಗೊಬ್ಬರ. ಜುಲೈ ಹೊತ್ತಿಗೆ ನನ್ನ ತಲೆ ಮೀರಿ ಬೆಳೆಯಿತು. ಮಳೆ ಬಂದಾಗ ಒಂದು ಎಲೆ ಕೊಯ್ದು ಹಿಡಿದರೆ ಇಬ್ಬರು ನೆನೆಯದೆ ಹೋಗಬಹುದು. ಪಕ್ಕದ ಮನೆಯವರು ತಮ್ಮ ಕೋಳಿಗಳನ್ನು ಆ ಕಡೆ ಬಿಡುತ್ತಿರಲಿಲ್ಲ, ವಿಷ ತಾಗೀತು ಎಂದು.

ನಾನು ಸಾರು ಮಾಡಿದೆ. ಅತ್ತೆ ಮುಟ್ಟಲಿಲ್ಲ. ಆದರೆ ಗಿಡದ ಹತ್ತಿರ ಹೋಗುವುದನ್ನು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಎದ್ದು ಗೇಣು ಹಾಕಿ ದಂಟು ಅಳೆಯುವುದು, ಎಲೆಯ ಮೇಲೆ ನೀರು ಚಿಮುಕಿಸಿ ಅದು ಉರುಳುವುದನ್ನು ನೋಡುವುದು, ಬುಡದ ಮಣ್ಣು ಕೆದಕಿ ಮರಿ ಎಷ್ಟಾಗಿದೆ ಎಂದು ಎಣಿಸುವುದು. ಒಂದು ದಿನ, ಇದು ಹೂ ಬಿಡುತ್ತದಾ ಎಂದು ಕೇಳಿದರು. ಬಿಡುತ್ತದೆ ಅಂದೆ. ಚಳಿಗಾಲದಲ್ಲಿ ಏನು ಮಾಡುತ್ತದೆ ಎಂದು ಕೇಳಿದರು. ನಮ್ಮೂರಿನಲ್ಲಿ ಚಳಿಗಾಲ ಇಲ್ಲ ಅಂದೆ. ಅವರು ‘ಹಾಗಾದ್ರೆ ಚಳಿ ಬಂದಾಗ ಏನ್ ಮಾಡ್ಬೇಕು ಅಂತ ಅದಕ್ಕೆ ಯಾರೂ ಹೇಳ್ಕೊಟ್ಟಿಲ್ಲ’ ಅಂದರು. ಅದು ಗಿಡಕ್ಕೆ ಹೇಳಿದ್ದಾ ನನಗೆ ಹೇಳಿದ್ದಾ ಎಂದು ಅವತ್ತು ರಾತ್ರಿಯೆಲ್ಲ ಕೊರೆಯುತ್ತಿತ್ತು.

ಈಗ ನವೆಂಬರ್‌ನ ವಿಷಯ. ಲುಯೆನ್ ಆಗ ಲಾಯ್ ಚೌ ಕಡೆಯ ರಸ್ತೆ ಕೆಲಸಕ್ಕೆ ಹೋಗಿ ಮೂರು ತಿಂಗಳಾಗಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ, ನಿನ್ನ ಅಳಿಯ ಒಳ್ಳೆಯವನೇ. ಆದರೆ ಅವನಿಲ್ಲದ ಮನೆಯಲ್ಲಿ ನಾನು ಮತ್ತು ಅತ್ತೆ. ಅವರ ತಾಯ್ ಬುಡಕಟ್ಟಿನ ಮಾತು ನನಗೆ ಕಾಲುಭಾಗ ಅರ್ಥ, ನನ್ನ ಮಾತು ಅವರಿಗೆ ಅರ್ಧ. ಇಡೀ ದಿನದಲ್ಲಿ ಹತ್ತು ವಾಕ್ಯ ಆಡಿದರೆ ಹೆಚ್ಚು. ಅವನು ಬರುವ ವಾರ ಸಾರು ಮಾಡಲೆಂದು ನಾಲ್ಕು ಒಳ್ಳೆಯ ದಂಟು ಉಳಿಸಿದ್ದೆ. ಹೊಲದಿಂದ ಬಂದು ನೋಡಿದರೆ ನಾಲ್ಕೂ ಇಲ್ಲ. ಹಂದಿಯ ಕಡಾಯಿಯಲ್ಲಿ ಕುದಿಯುತ್ತಿದ್ದವು. ನಾನು ಏನೇನೋ ಅಂದೆ. ನಮ್ಮ ಸೀಮೆಯ ಮಾತಿನಲ್ಲೇ ಅಂದೆ, ಅರ್ಥವಾಗದಿರಲಿ ಎಂದು. ಅರ್ಥವಾಯಿತು. ಅತ್ತೆ ಸೌಟು ಕೆಳಗಿಟ್ಟು, ‘ಇಷ್ಟು ಕಷ್ಟ ಆಗಿದ್ರೆ ಇಲ್ಲಿ ಯಾಕಿದ್ದೀಯ?’ ಅಂದರು.

ಅವತ್ತು ಸಂಜೆಯೇ ನಿನಗೆ, ಬಂದುಬಿಡುತ್ತೇನೆ ಎಂಬ ಆ ಪತ್ರ ಬರೆದದ್ದು. ಮಾರನೆಯ ದಿನ ಸಂತೆಗೆ ಹೊರಟಿದ್ದ ಅತ್ತೆಯ ಕೈಯಲ್ಲೇ ಅಂಚೆಗೆ ಕೊಟ್ಟು ಕಳಿಸಿದೆ. ಓದಲು ಬಾರದವರಿಗೆ ಏನು ಗೊತ್ತಾಗುತ್ತದೆ ಎಂಬ ಧೈರ್ಯ. ಸ್ವಲ್ಪ ದುಷ್ಟತನವೂ ಇತ್ತು, ಸುಳ್ಳು ಹೇಳುವುದಿಲ್ಲ.

ಡಿಸೆಂಬರ್ ಕೊನೆಯ ವಾರ ಇಬ್ಬನಿ ಹೆಪ್ಪುಗಟ್ಟಿತು. ಅಂಥ ಚಳಿ ಮುದುಕರೂ ಕಂಡಿರಲಿಲ್ಲವಂತೆ. ಬೆಳಿಗ್ಗೆ ಎದ್ದರೆ ಹುಲ್ಲೆಲ್ಲ ಉಪ್ಪು ಉದುರಿಸಿದ ಹಾಗೆ. ನನ್ನ ಕೆಸು, ಕುದಿನೀರಿನಲ್ಲಿ ಅದ್ದಿ ತೆಗೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಎರಡನೆಯ ದಿನ ಕಪ್ಪಾಯಿತು. ನಾನು ಅಟ್ಟಣೆಯ ಮೇಲೆ ನಿಂತು ನೋಡಿ ಒಳಗೆ ಬಂದೆ. ಹೇಗೂ ಹೊರಡುವವಳು, ಸತ್ತರೆ ಸಾಯಲಿ ಅಂದುಕೊಂಡೆ.

ಮೂರನೆಯ ದಿನ ಅಲ್ಲಿ ಗಿಡವೇ ಇರಲಿಲ್ಲ. ಇದ್ದ ಜಾಗದಲ್ಲಿ ಒಣಹುಲ್ಲಿನ ಗುಪ್ಪೆ, ಅದರ ಮೇಲೆ ಬಾಳೆಪಟ್ಟೆ, ಅದರ ಮೇಲೆ ಒಂದು ಮುರುಕು ಬುಟ್ಟಿ ಬೋರಲಾಗಿತ್ತು. ಗೆಡ್ಡೆ ಕಿತ್ತು ಹಂದಿಗೆ ಹಾಕಿ, ಗುಂಡಿಗೆ ಕಸ ತುಂಬಿದ್ದಾರೆ ಎಂದೇ ತಿಳಿದೆ. ಕೇಳಲಿಲ್ಲ. ಟ್ರಂಕಿನಲ್ಲಿ ಬಟ್ಟೆ ಜೋಡಿಸತೊಡಗಿದೆ.

ಆದರೆ ಅಮ್ಮ, ಮನೆಯಲ್ಲಿ ಸಣ್ಣ ಸಣ್ಣ ವಿಚಿತ್ರ ಕಾಣತೊಡಗಿದವು. ಭತ್ತದ ಹೊಟ್ಟಿನ ಮೂಟೆ ಅರ್ಧ ಖಾಲಿಯಾಗಿತ್ತು. ಅತ್ತೆ ವೀಳ್ಯಕ್ಕೆ ಹಚ್ಚುವ ಸುಣ್ಣ ಬೇಗ ಮುಗಿಯುತ್ತಿತ್ತು. ಹತ್ತು ದಿನಕ್ಕೊಮ್ಮೆ ಒಲೆಯ ಮೇಲಿನ ಅಟ್ಟಕ್ಕೆ ಹತ್ತುತ್ತಿದ್ದರು, ಇಳಿದ ಮೇಲೆ ಬೆರಳು ಮೂಸಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಹಂದಿಗೂಡಿನ ಮೂಲೆಯಲ್ಲಿದ್ದ ಹಳೆಯ ಜಾಡಿಯಲ್ಲಿ ಕೈಬಿಟ್ಟು ಮತ್ತೆ ಮೂಸುತ್ತಿದ್ದರು. ಮುಖದಲ್ಲಿ ಏನೂ ತೋರುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಅವರು ಸಂತೆಗೆ ಹೋದಾಗ ಏಣಿ ಹತ್ತಿದೆ.

ಜೋಳದ ತೆನೆಗಳ ಹಿಂದೆ ಒಂದು ಬಿದಿರುಬುಟ್ಟಿ. ಒಳಗೆ ಬೂದಿ, ಹೊಟ್ಟು, ಅದರಲ್ಲಿ ನನ್ನ ಕೆಸುವಿನ ಗೆಡ್ಡೆ ಎರಡು. ದಂಟನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿದ್ದರು, ಮಣ್ಣು ತೊಳೆದಿರಲಿಲ್ಲ. ಒಂದರ ಮೈಯಲ್ಲಿ ಕೊಳೆತ ಭಾಗವನ್ನು ಕೆತ್ತಿ ತೆಗೆದು, ಗಾಯಕ್ಕೆ ಸುಣ್ಣ ಮೆತ್ತಿದ್ದರು. ಇಳಿದು ಜಾಡಿ ನೋಡಿದೆ. ಮರಳಿನಲ್ಲಿ ಇನ್ನೆರಡು. ಆಗ ಆ ಬೋರಲು ಬುಟ್ಟಿ ನೆನಪಾಯಿತು. ಓಡಿಹೋಗಿ ಹುಲ್ಲು ಸರಿಸಿದರೆ ದೊಡ್ಡ ತಾಯಿಗೆಡ್ಡೆ ನೆಟ್ಟಲ್ಲೇ ಕೂತಿತ್ತು.

ನಾನು ಹುಲ್ಲಿನಲ್ಲಿ ಕೈಯಿಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದಾಗಲೇ ಅತ್ತೆ ಬಂದರು. ಬೆನ್ನಿನ ಬುಟ್ಟಿ ಇಳಿಸಲೂ ಇಲ್ಲ.

‘ಮುಚ್ಚು, ಒಳಗೆ ಗಾಳಿ ಹೋಗುತ್ತೆ’ ಅಂದರು.

ಯಾಕೆ ಮೂರು ಕಡೆ ಎಂದು ಕೇಳಿದೆ.

‘ಯಾವ ಜಾಗ ಒಗ್ಗುತ್ತೆ ಅಂತ ನನಗೇನ್ ಗೊತ್ತು? ನನ್ನ ಗಿಡ ಅಲ್ಲ ಇದು. ಇಟ್ಟು ನೋಡಿದ್ರೆ ತಾನೆ ತಿಳಿಯೋದು.’

ಬಿಸಿಯಿರುವ ಅಟ್ಟದಲ್ಲಿ ಒಣಗಿಹೋಗುತ್ತದೆ, ಇದು ನೀರಿನ ಗಿಡ, ನೆಲದಲ್ಲಿರುವುದೇ ಬದುಕುವುದು ಅಂದೆ. ಅವರು ಒಪ್ಪಲಿಲ್ಲ. ನಲವತ್ತು ವರ್ಷದಿಂದ ಬಿತ್ತನೆ ಬೀಜ ಅಟ್ಟದಲ್ಲೇ ಇಟ್ಟವಳು ನಾನು ಅಂದರು. ಬೀಜ ಬೇರೆ, ಗೆಡ್ಡೆ ಬೇರೆ ಅಂದೆ. ಮಾತಿಗೆ ಮಾತು ಬೆಳೆಯಿತು. ಎರಡು ವರ್ಷದಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಕೊನೆಗೆ ಪಂಥವಾಯಿತು. ಅವರ ಅಟ್ಟ, ನನ್ನ ನೆಲ. ಸೋತವರು ಮೊದಲ ದಂಟಿನ ಸಾರನ್ನು ಎಲ್ಲರೆದುರಿಗೆ ಮೊದಲು ಉಣ್ಣಬೇಕು.

ನೋಡು, ಇದೇ ನಿನ್ನ ಮೂರನೆಯ ಪ್ರಶ್ನೆಗೆ ಉತ್ತರ. ತೆತ್ ಹಬ್ಬಕ್ಕೆ ಟ್ರಂಕು ಸಿದ್ಧವಿತ್ತು. ಲುಯೆನ್ ಬಂದಿದ್ದ, ಎಲ್ಲ ಹೇಳಿದೆ. ಅವನು ಬೇಡ ಎನ್ನಲಿಲ್ಲ. ಹೋಗುವುದಾದರೆ ಹೋಗು, ಈ ರಸ್ತೆ ಮುಗಿದ ಮೇಲೆ ನಾನೂ ಕೆಳಗೇ ಬರುತ್ತೇನೆ ಅಂದ. ನನ್ನನ್ನು ತಡೆದದ್ದು ಗಂಡನಲ್ಲ, ಧರ್ಮವಲ್ಲ, ಪ್ರೀತಿಯೂ ಅಲ್ಲ. ಹುಲ್ಲಿನ ಕೆಳಗೆ ಏನಾಗುತ್ತಿದೆ ಎಂದು ತಿಳಿಯಬೇಕಿತ್ತು. ಮೊಳಕೆ ಬರುವವರೆಗೆ ಇದ್ದು ಹೋಗೋಣ ಅಂದುಕೊಂಡೆ. ಇಂಥ ಕಾರಣವನ್ನು ತಂತಿಯಲ್ಲಿ ಬರೆಯುವುದು ಹೇಗೆ ಹೇಳು? ನೀನು ಹಾಸಿದ ಚಾಪೆಗಿಂತ ಒಂದು ಗೆಡ್ಡೆ ಹೆಚ್ಚಾಯಿತಾ ಎಂದು ನೀನು ಅಂದುಕೊಳ್ಳುತ್ತೀಯೆಂದು ಹೆದರಿದೆ.

ಆ ಎರಡು ತಿಂಗಳು ನಾವಿಬ್ಬರೂ ಕಳ್ಳರ ಹಾಗೆ ಒಬ್ಬರನ್ನೊಬ್ಬರು ಕಾಯ್ದೆವು. ನಾನು ಬುಟ್ಟಿ ಎತ್ತಿ ನೋಡಿದರೆ ಅವರು ಕೆಮ್ಮುತ್ತಿದ್ದರು. ಅವರು ಅಟ್ಟ ಹತ್ತಿದರೆ ನಾನು ಏಣಿ ಹಿಡಿದುಕೊಳ್ಳುವ ನೆಪದಲ್ಲಿ ಕೆಳಗೆ ನಿಲ್ಲುತ್ತಿದ್ದೆ. ಜಾಡಿಯವೆರಡೂ ಫೆಬ್ರವರಿಯಲ್ಲೇ ಕೊಳೆತು ನಾರಿದವು. ಮರಳು ಒದ್ದೆಯಾಗಿತ್ತು, ಅದು ತಮ್ಮ ತಪ್ಪು ಎಂದು ಅತ್ತೆ ಒಪ್ಪಿಕೊಂಡರು. ಅಟ್ಟದ ಎರಡರಲ್ಲಿ ಒಂದು ಅಡಿಕೆಯ ಹಾಗೆ ಗಟ್ಟಿಯಾಯಿತು. ಇನ್ನೊಂದನ್ನು ಮಾರ್ಚ್‌ನಲ್ಲಿ ಅಟ್ಟಣೆಯ ಬಲಗಡೆ ನೆಟ್ಟರು. ಎಡಗಡೆಯಲ್ಲಿ ನನ್ನ ತಾಯಿಗೆಡ್ಡೆ. ಹುಲ್ಲು ತೆಗೆದೆ, ಕಾದೆ. ಏನೂ ಇಲ್ಲ.

ಏಪ್ರಿಲ್ ಮೊದಲ ವಾರ ಬಲಗಡೆ ಮೊಳಕೆ ಬಂತು. ಅತ್ತೆ ಒಲೆಯ ಮುಂದೆ ಕೂತು ತಮ್ಮಷ್ಟಕ್ಕೆ ಗುನುಗಿದರು, ಅಷ್ಟೇ. ಅವರು ಗುನುಗುವುದನ್ನು ನಾನು ಕೇಳಿದ್ದು ಅದೇ ಮೊದಲು. ಹತ್ತು ದಿನ ಬಿಟ್ಟು ಎಡಗಡೆಯೂ ಹಸಿರು ಮೂತಿ ಹೊರಗೆ ಹಾಕಿತು. ಅಷ್ಟರಲ್ಲಿ ಅವರದು ಗೇಣುದ್ದವಾಗಿತ್ತು. ದಿನಾ ಬೂದಿ, ದಿನಾ ಗೊಬ್ಬರ. ಅಕ್ಕಿ ತೊಳೆದ ನೀರೆಲ್ಲ ಬಲಗಡೆಗೇ. ಹೋಗುತ್ತ ಬರುತ್ತ ಪ್ಯೆನ್ ಮಾವನನ್ನು ಕರೆದು ತೋರಿಸುತ್ತಿದ್ದರು.

ಮೇ ತಿಂಗಳಲ್ಲಿ ಎಲೆ ಬಿಚ್ಚಿದಾಗ ನನಗೆ ಅನುಮಾನ ಬಂತು. ಬಲಗಡೆಯದು ಕಡುಹಸಿರು, ಎಣ್ಣೆ ಸವರಿದಂಥ ಹೊಳಪು. ನಮ್ಮದು ಹಾಗಿರುವುದಿಲ್ಲ ಅಲ್ಲವಾ, ದಂಟಿನ ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗಿರುತ್ತದೆ. ಅತ್ತೆ ಅಟ್ಟದಲ್ಲಿ ಔಷಧಕ್ಕೆಂದು ಕಾಡುಕೆಸುವಿನ ಗೆಡ್ಡೆಗಳನ್ನೂ ಇಟ್ಟಿದ್ದರು, ಜ್ವರ ಬಂದವರಿಗೆ ಉಜ್ಜಲು. ಸುಣ್ಣ ಹಚ್ಚಿ ಮತ್ತೆ ಬುಟ್ಟಿಗಿಡುವಾಗ ಯಾವುದೋ ಅದಲುಬದಲಾಗಿದೆ. ಎಂಟು ದಿನ ನಾನು ಬಾಯಿಬಿಡಲಿಲ್ಲ. ಹೇಳಿದರೆ ಗೆಲುವು ನನ್ನದು, ಆದರೆ ಆ ಗುನುಗು ನಿಂತುಹೋಗುತ್ತದೆ. ಒಂಬತ್ತನೆಯ ದಿನ, ಅಕ್ಕಿನೀರು ಸುರಿಯುತ್ತಿದ್ದವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ:

‘ಅತ್ತೆ, ಇದು ನಮ್ಮೂರಿಂದಲ್ಲ. ನಿಮ್ಮೂರಿಂದೇ.’

ಅವರು ಹೆಬ್ಬೆರಳಿನಿಂದ ಆ ದಂಟು ಉಜ್ಜಿದರು. ಏನೂ ಅಂಟಲಿಲ್ಲ. ಎಡಗಡೆಗೆ ಬಂದು ಉಜ್ಜಿದರು. ಹೆಬ್ಬೆರಳು ಬೆಳ್ಳಗಾಯಿತು. ಹೆಬ್ಬೆರಳನ್ನೇ ನೋಡಿದರು. ಆಮೇಲೆ ನಗತೊಡಗಿದರು, ಅಮ್ಮ. ಶಬ್ದವೇ ಇಲ್ಲದ ನಗು, ಭುಜ ಮಾತ್ರ ಕುಲುಕುತ್ತಿತ್ತು. ನಗುತ್ತ ನಗುತ್ತ ಒದ್ದೆ ನೆಲದಲ್ಲೇ ಕೂತುಬಿಟ್ಟರು. ‘ಎರಡು ತಿಂಗ್ಳು ಅಕ್ಕಿನೀರು ಕುಡಿಸಿದ್ದೀನಲ್ಲೇ ಈ ಕಳ್ಳಂಗೆ’ ಅಂದರು. ನಾನೂ ಪಕ್ಕದಲ್ಲಿ ಕೂತೆ. ಇಬ್ಬರ ಬಟ್ಟೆಯೂ ಕೆಸರಾಯಿತು.

ಮೊನ್ನೆ, ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನದ ಹಬ್ಬಕ್ಕೆ ಮೊದಲ ದಂಟು ಕೊಯ್ದೆ. ಹುಳಿಸಾರು ಮಾಡಿದೆ. ಬಂದವರೆಲ್ಲ ಅದೇ ತಿಥಿಯವರು. ಬಟ್ಟಲು ಮುಂದಿಟ್ಟುಕೊಂಡು ಒಬ್ಬರೂ ಊಟದ ಕಡ್ಡಿ ಎತ್ತಲಿಲ್ಲ. ಪಂಥದ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ತಾವಾಗಿಯೇ ಮೊದಲು ಬಡಿಸಿಕೊಂಡರು. ಮೀನು ಬಿಟ್ಟು, ಅನಾನಸು ಬಿಟ್ಟು, ಬರೀ ದಂಟು ಆರಿಸಿ ಬಾಯಿಗಿಟ್ಟರು. ಪ್ಯೆನ್ ಮಾವ ಹುಕ್ಕಾದ ಕೊಳವೆ ಕೈಯಲ್ಲಿ ಹಿಡಿದು ಸೇದುವುದನ್ನೇ ಮರೆತು ಅಕ್ಕನ ಗಂಟಲನ್ನು ನೋಡುತ್ತಿದ್ದರು. ಅತ್ತೆ ಅಗಿದರು, ನುಂಗಿದರು. ಆಮೇಲೆ ಖಾಲಿ ಬಟ್ಟಲನ್ನು ನನ್ನ ಕಡೆ ಚಾಚಿದರು. ‘ಸ್ಪಂಜಿನ ಹಾಗಿದೆ. ಹುಳಿಯೆಲ್ಲ ಇದರೊಳಗೇ ಕೂತಿದೆ’ ಅಂದರು. ಹೊಗಳಿಕೆಯೋ ದೂರೋ ಈಗಲೂ ಗೊತ್ತಿಲ್ಲ. ಪಾತ್ರೆ ಮಾತ್ರ ಖಾಲಿಯಾಯಿತು.

ಅಂದರೆ ನಿನ್ನ ಗೆಡ್ಡೆ ಬದುಕಿದೆ, ಅಮ್ಮ. ಈಗ ಏಳು ಮರಿ. ನಾನೂ ಉಣ್ಣುತ್ತಿದ್ದೇನೆ. ಬರುವುದು ಭತ್ತದ ಕೊಯ್ಲು ಮುಗಿದ ಮೇಲೆ, ಒಂದು ತಿಂಗಳಿಗೆ. ಆಮೇಲೆ ಇಲ್ಲಿಗೇ ಮರಳುತ್ತೇನೆ. ಮುಂದಿನ ವರ್ಷಗಳ ಮಾತು ಈಗ ಆಡಲಾರೆ, ಆದರೆ ಈ ಸಲದ ಚಳಿಗೆ ಏನು ಹೊದಿಸಬೇಕೆಂದು ನಾವಿಬ್ಬರೂ ಆಗಲೇ ಜಗಳ ಶುರುಮಾಡಿದ್ದೇವೆ. ಹಿಂದಿನ ಕೋಣೆಗೆ ಭತ್ತದ ಮೂಟೆಗಳನ್ನು ವಾಪಸು ಇಡಿಸು. ಚಾಪೆ ಮಾತ್ರ ಹಾಗೇ ಇರಲಿ.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಅತ್ತಿಗೆಗೆ ನೆನಪು ಹೇಳು.

ಇತಿ ನಿನ್ನ ಮಗಳು,
ದಿಯೆಪ್

ಮತ್ತೆ ಬರೆದದ್ದು: ಅಣ್ಣ, ಇದನ್ನು ಅಮ್ಮನೊಬ್ಬಳಿಗೇ ಓದು. ನಿನ್ನೆ ಪ್ಯೆನ್ ಮಾವ ಜೋಳದ ಮದ್ಯ ಕುಡಿದು ಒಂದು ಮಾತು ಬಿಟ್ಟುಕೊಟ್ಟರು. ನವೆಂಬರ್‌ನಲ್ಲಿ ನಾನು ಕೊಟ್ಟ ಆ ಪತ್ರವನ್ನು ಅನ್ನದ ಅಗುಳಿನಿಂದ ಅಂಟಿಸಿದ್ದೆ, ದಾರಿಯಲ್ಲಿ ಬಿಚ್ಚಿಕೊಂಡಿತಂತೆ. ಅತ್ತೆ ಅದನ್ನು ತಮ್ಮನ ಕೈಯಲ್ಲಿ ಓದಿಸಿದ್ದಾರೆ, ಪೂರ್ತಿ, ಎರಡು ಸಲ. ಆ ಕೆಳಗಿನ ಸೀಮೆಯಲ್ಲಿ ಈ ಗೆಡ್ಡೆಯನ್ನು ಯಾವ ತಿಂಗಳು ನೆಡುತ್ತಾರೆ ಎಂದಷ್ಟೇ ಕೇಳಿದರಂತೆ. ಯಾವಾಗ ಬೇಕಾದರೂ ಎಂದು ಇವರು ಹೇಳಿದಾಗ, ‘ಹಾಗಾದ್ರೆ ಅವಳು ಹೊರಡೋವರೆಗೆ ಒಂದಾದ್ರೂ ಉಳಿಸಿದ್ರೆ ಸಾಕು, ಕೈಗೆ ಕೊಟ್ಟು ಕಳಿಸಬಹುದು’ ಅಂದು, ಹೊಸ ಅಗುಳು ತಂದು ಪತ್ರ ಅಂಟಿಸಿ, ತಾವೇ ಹೋಗಿ ಅಂಚೆಗೆ ಹಾಕಿ ಬಂದಿದ್ದಾರೆ. ನನಗೆ ಇದು ಗೊತ್ತಾಗಿದೆಯೆಂದು ಅತ್ತೆಗೆ ಗೊತ್ತಿಲ್ಲ.